ಸಿಡಿಲಿಗೊಂದು ಗುಂಡಿ, ಕರೆಂಟಿಗೊಂದು ಗುಂಡಿ: ಹಳ್ಳಿಮನೆಯ ಅರ್ಥಿಂಗ್ ಎಲ್ಲಿ ತಪ್ಪುತ್ತದೆ

ಏಪ್ರಿಲ್ ಹೊತ್ತಿಗೆ ಮಧ್ಯಾಹ್ನದ ಮೇಲೆ ಮೋಡ ಕಟ್ಟತೊಡಗಿದರೆ ಮಲೆನಾಡು, ಕರಾವಳಿಯ ಮನೆಗಳಲ್ಲಿ ಮೊದಲು ಆಗುವ ಕೆಲಸ ಟಿವಿ, ಮೋಡೆಮ್‌ಗಳ ಪ್ಲಗ್ ಕೀಳುವುದು. ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಪ್ಲಗ್ ಕಿತ್ತಿಟ್ಟ ಮನೆಯಲ್ಲೂ ಬೋರ್‌ವೆಲ್ ಪಂಪು ಸುಡುತ್ತದೆ, ಸ್ವಿಚ್ ಬೋರ್ಡು ಗೋಡೆಯಿಂದ ಹಾರುತ್ತದೆ. ಅಂಥ ಕಡೆ ಅಂಗಳ ಸುತ್ತಿ ನೋಡಿದರೆ ಅರ್ಥಿಂಗ್, ಅಂದರೆ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ಇಲ್ಲವೆಂದೇನಿಲ್ಲ. ಎರಡೋ ಮೂರೋ ಗುಂಡಿಗಳಿರುತ್ತವೆ: ಮೀಟರಿಗೊಂದು, ಸಿಡಿಲು ಹಿಡಿಯಲು ಮಾಡಿನ (ಛಾವಣಿಯ) ಮೇಲೆ ನಿಲ್ಲಿಸಿದ ಕಂಬಿಗೊಂದು, ಸೋಲಾರ್ ಹಾಕಿದವರು ತೋಡಿದ್ದು ಇನ್ನೊಂದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. "ಸಿಡಿಲಿನ ಅರ್ಥನ್ನು ಮನೆಯ ಅರ್ಥಿಗೆ ಸೇರಿಸಬಾರದು, ಸಿಡಿಲು ಒಳಗೆ ಬರುತ್ತದೆ" ಎಂದು ವೈರಿಂಗ್‌ನವರೇ ಹೇಳಿರುತ್ತಾರೆ. ಆಗುವುದು ಇದಕ್ಕೆ ತೀರಾ ತದ್ವಿರುದ್ಧ.

ಲೆಕ್ಕ ಸುಲಭ. ಸಾಧಾರಣ ಸಿಡಿಲೊಂದರಲ್ಲಿ ಸುಮಾರು 30,000 ಆಂಪಿಯರ್ ಹರಿಯುತ್ತದೆ. ಸಿಡಿಲಿನ ಗುಂಡಿಯ ರೆಸಿಸ್ಟೆನ್ಸ್ (ಕರೆಂಟಿಗೆ ಅದು ಒಡ್ಡುವ ತಡೆ) 10 ಓಮ್ ಎಂದಿಟ್ಟುಕೊಳ್ಳಿ, ಅದು ಒಳ್ಳೆಯ ಗುಂಡಿಯೇ. 30,000ವನ್ನು 10ರಿಂದ ಗುಣಿಸಿದರೆ 3 ಲಕ್ಷ ವೋಲ್ಟ್. ಆ ಕ್ಷಣಕ್ಕೆ ಆ ಗುಂಡಿ, ಅದಕ್ಕೆ ಸೇರಿದ ಪಟ್ಟಿ ಎಲ್ಲ 3 ಲಕ್ಷ ವೋಲ್ಟಿಗೆ ಏರುತ್ತವೆ. ಹತ್ತು ಹೆಜ್ಜೆ ಆಚೆಯ ಮೀಟರ್ ಗುಂಡಿ ಮಾತ್ರ ಅದಕ್ಕಿಂತ ಬಹಳ ಕೆಳಗೇ ಉಳಿಯುತ್ತದೆ. ಇಷ್ಟು ವ್ಯತ್ಯಾಸವನ್ನು ಗೋಡೆ, ವೈರಿನ ಪ್ಲಾಸ್ಟಿಕ್, ಮೋಟಾರಿನ ಸುತ್ತು ಯಾವುದೂ ತಡೆಯುವುದಿಲ್ಲ. ನಡುವೆ ಸಿಕ್ಕಿದ್ದನ್ನು ಸೀಳಿಕೊಂಡು ಕಿಡಿ ಹಾರುತ್ತದೆ. ಎರಡನ್ನೂ ಕಟ್ಟಿದ್ದರೆ? ಆಗಲೂ ವೋಲ್ಟೇಜ್ ಏರುತ್ತದೆ, ಆದರೆ ಎಲ್ಲವೂ ಒಟ್ಟಿಗೆ ಏರುತ್ತವೆ. ಹೊಳೆ ಏರಿದರೆ ತೆಪ್ಪದ ಮೇಲಿನ ಸಾಮಾನೂ ತೆಪ್ಪದ ಜೊತೆಗೇ ಏರುವ ಹಾಗೆ. ಹಾಳಾಗುವುದು ಒಂದು ಕಾಲು ತೆಪ್ಪದಲ್ಲಿ, ಒಂದು ಕಾಲು ದಡದಲ್ಲಿ ಇದ್ದದ್ದು.

ಹಾಗಾಗಿ ಗುಂಡಿ ಎಷ್ಟೇ ಇರಲಿ, ಎಲ್ಲವನ್ನೂ ಮೇನ್ ಸ್ವಿಚ್ ಹತ್ತಿರದ ಒಂದು ತಾಮ್ರದ ಅರ್ಥ್ ಬಾರ್‌ಗೆ ತಂದು ಕಟ್ಟಬೇಕು. ಸೋಲಾರ್ ಸ್ಟ್ಯಾಂಡು, ನೀರಿನ ಕಬ್ಬಿಣದ ಪೈಪು, ಡಿಶ್‌ನ ಕಂಬ, ಬೋರಿನ ಕಬ್ಬಿಣದ ಕೇಸಿಂಗ್, ಎಲ್ಲ. ಭಾರತದಲ್ಲಿ ಸಿಡಿಲಿನ ರಕ್ಷಣೆಗೆ ಜಾರಿಯಲ್ಲಿರುವ ಐಎಸ್/ಐಇಸಿ 62305 ಮಾನದಂಡವೂ ಒಂದೇ ಸಂಯುಕ್ತ ಅರ್ಥಿಂಗ್ ಇರಲಿ ಎನ್ನುತ್ತದೆ.

ಇನ್ನು ಕರೆಂಟಿನ ಅರ್ಥಿನ ಬಗ್ಗೆ ಒಂದು ಕಹಿ ಸತ್ಯ. 100 ಓಮ್-ಮೀಟರ್ ರೆಸಿಸ್ಟಿವಿಟಿಯ (ಮಣ್ಣಿನ ತಡೆಗುಣದ) ಮಣ್ಣಿನಲ್ಲಿ 3 ಮೀಟರ್ ಉದ್ದ, 40 ಮಿ.ಮೀ. ದಪ್ಪದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಹೂತರೆ ಸಿಗುವುದು ಸುಮಾರು 28 ಓಮ್. ಮಿಕ್ಸಿಯ ಅಥವಾ ಗ್ರೈಂಡರಿನ ಮೈಗೆ ಫೇಸ್ (ಕರೆಂಟು ಬರುವ ತಂತಿ) ತಾಗಿತು ಅನ್ನಿ. 230ನ್ನು 28ರಿಂದ ಭಾಗಿಸಿದರೆ 8 ಆಂಪಿಯರ್. 16 ಆಂಪಿಯರಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇದನ್ನು ಮಾಮೂಲಿ ಲೋಡ್ ಎಂದೇ ತಿಳಿಯುತ್ತದೆ, ಬೀಳುವುದೇ ಇಲ್ಲ. ಗ್ರೈಂಡರಿನ ಮೈ ಕರೆಂಟಿನಲ್ಲೇ ಕೂತಿರುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಬೇಸಿಗೆಗೆ ರೆಸಿಸ್ಟಿವಿಟಿ 500, 1000 ಓಮ್-ಮೀಟರ್ ಆದರೆ ಅದೇ ಪೈಪು 140, 280 ಓಮ್ ತೋರಿಸುತ್ತದೆ. ಎಷ್ಟು ಉಪ್ಪು ಸುರಿದರೂ ಆ ನೆಲದಲ್ಲಿ ಎಂಸಿಬಿ ಬೀಳಿಸುವ ಅರ್ಥ್ ಆಗುವುದಿಲ್ಲ. ಜೀವ ಉಳಿಸುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಕರೆಂಟು ನೆಲಕ್ಕೆ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್. ಅದಕ್ಕೆ 280 ಓಮಿನ ಅರ್ಥೂ ಸಾಕು: 0.03ನ್ನು 280ರಿಂದ ಗುಣಿಸಿದರೆ 8.4, ಮೈಯಲ್ಲಿ ಅಷ್ಟು ವೋಲ್ಟ್ ತರುವ ಸೋರಿಕೆಗೇ ಕಟ್ ಆಗುತ್ತದೆ. ಹಣ ಒಂದಕ್ಕೇ ಇದೆ ಎಂದಾದರೆ ಎರಡನೇ ಗುಂಡಿಗಿಂತ ಮೊದಲು ಆರ್‌ಸಿಸಿಬಿ ಹಾಕಿಸಿ. ಅದರ ಮೇಲಿನ ಟೆಸ್ಟ್ ಬಟನ್ ಅನ್ನು ತಿಂಗಳಿಗೊಮ್ಮೆ ಒತ್ತಿ. ಒತ್ತದೇ ವರ್ಷಗಟ್ಟಲೆ ಬಿಟ್ಟ ಆರ್‌ಸಿಸಿಬಿ ಒಳಗೇ ಅಂಟಿಕೊಂಡು ಕೂರುವುದುಂಟು.

ಅರ್ಥ್ ಸರಿಯಿಲ್ಲವೆಂದು ಸಾಕೆಟ್ಟಿನ ಅರ್ಥ್ ಪಿನ್ನಿಗೆ ನ್ಯೂಟ್ರಲ್ ಲೂಪ್ ಕೊಡುವ ಜಾಣರಿದ್ದಾರೆ. ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಬರುವ ನ್ಯೂಟ್ರಲ್ ತಂತಿ ಗಾಳಿಮಳೆಗೆ ಒಮ್ಮೆ ಕಡಿದರೆ ಆ ಮನೆಯ ಫ್ರಿಜ್, ವಾಷಿಂಗ್ ಮಷಿನ್, ಗೀಸರ್ ಎಲ್ಲದರ ಮೈಗೂ ಪೂರಾ 230 ವೋಲ್ಟ್. ಇದನ್ನು ಕಂಡರೆ ಅವತ್ತೇ ಬಿಚ್ಚಿಸಿ.

ಗುಂಡಿಯ ವಿಷಯಕ್ಕೆ ಬರೋಣ. ಅರ್ಥಿಂಗ್‌ಗೆ ಇರುವ ಭಾರತೀಯ ಮಾನದಂಡ ಐಎಸ್ 3043 ಹೇಳುವ ಪ್ರಕಾರ ಪೈಪು ಕನಿಷ್ಠ 2.5 ಮೀಟರ್ ಇರಬೇಕು. ಅಂಗಡಿಯಲ್ಲಿ "ದಪ್ಪದ್ದು ತಗೊಳ್ಳಿ" ಎನ್ನುತ್ತಾರೆ. ಮೇಲಿನ ಉದಾಹರಣೆಯಲ್ಲಿ ಪೈಪಿನ ದಪ್ಪವನ್ನು ಇಮ್ಮಡಿ ಮಾಡಿದರೆ 28 ಓಮ್ 25ಕ್ಕೆ ಇಳಿಯುತ್ತದೆ, ಅಷ್ಟೇ. ಉದ್ದವನ್ನು ಇಮ್ಮಡಿ ಮಾಡಿದರೆ 16ಕ್ಕೆ. ದುಡ್ಡು ಆಳಕ್ಕೆ ಹಾಕಿ, ದಪ್ಪಕ್ಕಲ್ಲ. ಆಳ ಹೋಗಲಾಗದಿದ್ದರೆ ಎರಡನೇ ಪೈಪು ಹೂಳಿ. ಆದರೆ ಪಕ್ಕದಲ್ಲೇ ಹೂತರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಲಾಭವಿಲ್ಲ. 3 ಮೀಟರ್ ಪೈಪಾದರೆ ನಡುವೆ 6 ಮೀಟರ್ ಅಂತರವಿರಲಿ.

ಜಂಬಿಟ್ಟಿಗೆಯೋ ಬಂಡೆಯೋ ಎರಡೇ ಅಡಿಗೆ ಸಿಕ್ಕಿದರೆ ಜಗಳಕ್ಕೆ ಹೋಗಬೇಡಿ. ಅಡ್ಡಕ್ಕೆ ಹೋಗಿ. ಗೋಡೆಯಿಂದ ಒಂದು ಮೀಟರ್ ದೂರದಲ್ಲಿ, ಕನಿಷ್ಠ ಅರ್ಧ ಮೀಟರ್ ಆಳದಲ್ಲಿ ಮನೆಯ ಸುತ್ತ ಕಾಲುವೆ ತೋಡಿ 25×6 ಮಿ.ಮೀ. ಜಿಐ ಪಟ್ಟಿಯನ್ನು ಬಳೆಯಂತೆ ಹೂಳಿ. ಸಿಡಿಲಿಗೆ ಇದು ಆಳದ ಒಂಟಿ ಪೈಪಿಗಿಂತ ಒಳ್ಳೆಯದು, ಏಕೆಂದರೆ ಇಡೀ ಮನೆ ಬಳೆಯೊಳಗೆ ಒಂದೇ ಮಟ್ಟದಲ್ಲಿ ಏರಿಳಿಯುತ್ತದೆ. ಬಚ್ಚಲ ನೀರು ಹರಿದುಹೋಗುವ ಬದಿಯಲ್ಲಿ, ಬಾಳೆಬುಡದ ಹತ್ತಿರ ಪಟ್ಟಿ ಹಾದುಹೋದರೆ ಬೇಸಿಗೆಯಲ್ಲೂ ತೇವ ಸಿಗುತ್ತದೆ.

ಉಪ್ಪು-ಇದ್ದಿಲು ಹಾಕುವುದು ನಮ್ಮಲ್ಲಿ ಶಾಸ್ತ್ರವೇ ಆಗಿಬಿಟ್ಟಿದೆ. ಮೊದಲ ವರ್ಷ ಓಮ್ ಚೆನ್ನಾಗಿಯೇ ಇಳಿಯುತ್ತದೆ. ಆಮೇಲೆ ಮಲೆನಾಡಿನ ಮಳೆ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ, ಅಷ್ಟರಲ್ಲಿ ಉಪ್ಪು ಪೈಪಿನ ಸತುವಿನ ಲೇಪವನ್ನು ತಿಂದಿರುತ್ತದೆ. ಅದರ ಬದಲು ಬೆಂಟೊನೈಟ್ ಮಣ್ಣನ್ನು ಗಂಜಿಯ ಹದಕ್ಕೆ ಕಲಸಿ ಪೈಪಿನ ಸುತ್ತ ತುಂಬಿದರೆ ಅದು ನೀರು ಹಿಡಿದಿಟ್ಟುಕೊಂಡು ಪೈಪಿಗೆ ಅಂಟಿಕೊಳ್ಳುತ್ತದೆ. ಬಯಲುಸೀಮೆಯ ಎರೆಮಣ್ಣಿನಲ್ಲಿ ತೊಂದರೆ ಬೇರೆ: ಮಣ್ಣು ಒಳ್ಳೆಯದೇ, ಆದರೆ ಬೇಸಿಗೆಗೆ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಅಲ್ಲಿ ಬಿರುಕು ಇಳಿಯುವ ಆಳಕ್ಕಿಂತ ಕೆಳಗೆ ಪೈಪು ಹೋಗಲೇಬೇಕು.

ಬಹುತೇಕ ಅರ್ಥಿಂಗ್ ಸಾಯುವುದು ಮಣ್ಣಿನಲ್ಲಲ್ಲ, ಜಾಯಿಂಟಿನಲ್ಲಿ. ಜಿಐ ಪೈಪಿಗೆ ತಾಮ್ರದ ತಂತಿಯನ್ನು ಬರಿದೇ ಸುತ್ತಿ ಮಣ್ಣು ಮುಚ್ಚಿದರೆ ಒದ್ದೆಯಲ್ಲಿ ಅದೊಂದು ಸಣ್ಣ ಬ್ಯಾಟರಿಯಾಗಿ ಸತುವನ್ನು, ಆಮೇಲೆ ಕಬ್ಬಿಣವನ್ನು ತಿನ್ನುತ್ತದೆ. ಪೈಪಿನಿಂದ ಜಿಐ ಪಟ್ಟಿಯನ್ನೇ ಬೋಲ್ಟ್ ಹಾಕಿ ನೆಲದ ಮೇಲಕ್ಕೆ ತನ್ನಿ. ತಾಮ್ರಕ್ಕೆ ಬದಲಾಗುವುದು ಒಣಜಾಗದಲ್ಲಿ, ತವರ ಲೇಪದ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಕೊಂಡಿ) ಹಾಕಿ. ಅಲ್ಯೂಮಿನಿಯಂ ಅನ್ನು ಎಂದೂ ನೆಲದಲ್ಲಿ ಹೂಳಬೇಡಿ.

ಮಾಡಿನ ಮೇಲಿನ ಕಂಬಿ. "ಕಂಬಿ ಇಟ್ಟರೆ ಸಿಡಿಲನ್ನು ಕರೆದ ಹಾಗೆ" ಎಂಬ ಹೆದರಿಕೆ ಇನ್ನೂ ಇದೆ. ಎರಡು ಮೀಟರ್ ಕಂಬಿಗೆ ಮೋಡದಿಂದ ಸಿಡಿಲನ್ನು ಎಳೆಯುವ ಶಕ್ತಿಯಿಲ್ಲ. ಮನೆಗೆ ಹೇಗೂ ಬೀಳಲಿದ್ದುದು ಹಂಚಿಗೆ ಬೀಳದೆ ಕಂಬಿಗೆ ಬೀಳುತ್ತದೆ, ಅಷ್ಟೇ. ಎಷ್ಟು ಕಂಬಿ, ಎಲ್ಲಿ ಎಂಬುದಕ್ಕೆ ಉರುಳುಗೋಳದ ಲೆಕ್ಕವಿದೆ: ಸಾಧಾರಣ ಮನೆಗೆ 45 ಮೀಟರ್ ತ್ರಿಜ್ಯದ ಕಾಲ್ಪನಿಕ ಚೆಂಡನ್ನು ಮನೆಯ ಮೇಲೆ ಎಲ್ಲ ಕಡೆಯಿಂದ ಉರುಳಿಸಿ, ಚೆಂಡು ಕಂಬಿಗಳಿಗೆ, ನೆಲಕ್ಕೆ ಮಾತ್ರ ತಾಗಬೇಕು, ಮನೆಗೆ ತಾಗಬಾರದು. 12 ಮೀಟರ್ ಉದ್ದದ ಮಾಡಿನ ತುದಿಯ ಎರಡೂ ಕೊನೆಯಲ್ಲಿ ಒಂದೊಂದು ಮೀಟರಿನ ಕಂಬಿ ನಿಲ್ಲಿಸಿದರೆ ಅವುಗಳ ನಡುವೆ ಚೆಂಡು ಇಳಿಯುವುದು 40 ಸೆಂ.ಮೀ. ಮಾತ್ರ. ಮಾಡಿಗೆ ಇನ್ನೂ 60 ಸೆಂ.ಮೀ. ಉಳಿಯಿತು. ಆದರೆ ಅಂಗಳದ ಕೊನೆಯಲ್ಲಿ ಎತ್ತರಕ್ಕೆ ಕೂರಿಸಿದ ನೀರಿನ ಟ್ಯಾಂಕು, ಸೋಲಾರ್ ಪ್ಯಾನೆಲ್ಲಿನ ಮೇಲಂಚು ಈ ಲೆಕ್ಕದಿಂದ ಹೊರಗೆ ಉಳಿಯುವುದುಂಟು, ಅದನ್ನು ಬೇರೆಯಾಗಿ ನೋಡಿ.

ಒಂದೇ ಕಂಬಿ ಸುತ್ತ ನೂರು ಮೀಟರ್ ಕಾಯುತ್ತದೆ ಎಂದು ದುಬಾರಿ ಬೆಲೆಗೆ ಮಾರುವ ಗುಂಡುತಲೆಯ ಯಂತ್ರಗಳ ಬಗ್ಗೆ ಕೇಳುವವರು ಬಹಳ. 62305 ಮಾನದಂಡದಲ್ಲಿ ಲೋಹದ ನಿಜವಾದ ಎತ್ತರ-ಅಗಲ ಮಾತ್ರ ಲೆಕ್ಕಕ್ಕೆ ಬರುತ್ತದೆ, ಯಂತ್ರದ ಭರವಸೆ ಬರುವುದಿಲ್ಲ. ಅದೇ ದುಡ್ಡಿಗೆ ನಾಲ್ಕು ಸಾದಾ ಕಂಬಿ, ನಾಲ್ಕು ಗುಂಡಿ ಆಗುತ್ತದೆ.

ಕಂಬಿಯಿಂದ ಇಳಿಯುವ ಪಟ್ಟಿ ಕನಿಷ್ಠ 50 ಚದರ ಮಿ.ಮೀ. ಇರಬೇಕು, 25×3 ಜಿಐ ಪಟ್ಟಿ ಧಾರಾಳ. ಒಂದಲ್ಲ, ಎರಡು ಇಳಿಸಿ, ಮನೆಯ ಎದುರುಬದುರು ಮೂಲೆಗಳಲ್ಲಿ. ನೇರ ಇಳಿಯಬೇಕು, ಸೂರಿನ ಅಂಚಿನಲ್ಲಿ ಅಂದಕ್ಕೆಂದು ಕೊಕ್ಕೆಯಂತೆ ಬಗ್ಗಿಸಿದರೆ ಸಿಡಿಲು ಆ ಬಾಗನ್ನು ಬಿಟ್ಟು ಗಾಳಿಯಲ್ಲೇ ಹಾರುತ್ತದೆ. ಪ್ರತಿಯೊಂದಕ್ಕೂ ತನ್ನದೇ ಗುಂಡಿ, ಆ ಗುಂಡಿಗಳು ಬಳೆಗೆ ಸೇರಿರಲಿ. ಸಿಡಿಲಿನ ವೇಳೆ ಪಟ್ಟಿಯ ಸುತ್ತ 3 ಮೀಟರ್ ಒಳಗೆ ನಿಲ್ಲುವುದು ಅಪಾಯ. ಜನ ಓಡಾಡುವ ಕಡೆಯಾದರೆ ಅಲ್ಲಿ 15 ಸೆಂ.ಮೀ. ದಪ್ಪ ಜಲ್ಲಿ ಹರಡಿ.

ಕಂಬಿ ಮನೆಯ ಗೋಡೆ ಉಳಿಸುತ್ತದೆ, ಟಿವಿ ಉಳಿಸುವುದಿಲ್ಲ. ಅದಕ್ಕೆ ಎಸ್‌ಪಿಡಿ ಬೇಕು, ಲೈನಿನಲ್ಲಿ ಬರುವ ಏರುವೋಲ್ಟೇಜನ್ನು ಆ ಕ್ಷಣ ಅರ್ಥಿಗೆ ತಿರುಗಿಸುವ ಸಾಧನ. ಮಾಡಿನ ಮೇಲೆ ಕಂಬಿ ಇದ್ದರೆ ಮೇನ್ ಬೋರ್ಡಿನಲ್ಲಿ ಟೈಪ್ 1+2 (ನೇರ ಸಿಡಿಲನ್ನೂ ಲೈನಿನ ಏರನ್ನೂ ತಡೆಯುವ ಬಗೆ) ಹಾಕಿ, ಪ್ರತಿ ಪೋಲ್‌ಗೆ (ತಂತಿಗೆ) ಕನಿಷ್ಠ 12.5 ಕಿಲೋಆಂಪಿಯರ್, 10/350 (ನೇರ ಸಿಡಿಲಿನ ಉದ್ದ ಅಲೆಯ ಗುರುತು) ಎಂದು ಬರೆದಿರಬೇಕು. ಬರೀ 8/20 (ಲೈನಿನಲ್ಲಿ ಬರುವ ಗಿಡ್ಡ ಅಲೆಯ ಗುರುತು) ಎಂದಿದ್ದರೆ ಅದು ಟೈಪ್ 2. ವೋಲ್ಟೇಜ್ ಏರಿಳಿಯುವ ನಮ್ಮ ಹಳ್ಳಿ ಲೈನಿಗೆ 275 ವೋಲ್ಟಿನ ಎಸ್‌ಪಿಡಿ ಬೇಗ ಬೆಂದುಹೋಗುತ್ತದೆ. 320 ಅಥವಾ ಮೇಲಿನದು ತನ್ನಿ. ಸಿಂಗಲ್ ಫೇಸಿಗೆ 1+1 ಮಾದರಿ (ಫೇಸ್-ನ್ಯೂಟ್ರಲ್ ನಡುವೆ ಒಂದು, ನ್ಯೂಟ್ರಲ್-ಅರ್ಥ್ ನಡುವೆ ಒಂದು), ಆರ್‌ಸಿಸಿಬಿಗಿಂತ ಮೊದಲು.

ಒಳ್ಳೆಯ ಎಸ್‌ಪಿಡಿ ತಂದು ಹಾಳುಮಾಡುವುದು ಅದರ ವೈರಿನ ಉದ್ದದಲ್ಲಿ. ಸಿಡಿಲಿನ ಕರೆಂಟು ಏರುವ ವೇಗಕ್ಕೆ ಒಂದು ಮೀಟರ್ ವೈರಿನ ಮೇಲೇ ಸಾವಿರಾರು ವೋಲ್ಟ್ ಬೀಳುತ್ತದೆ. ಎಸ್‌ಪಿಡಿ 1.5 ಕಿಲೋವೋಲ್ಟಿಗೆ ತಡೆದರೂ ಆ ವೈರಿನ ವೋಲ್ಟೇಜು ಅದರ ಮೇಲೆ ಕೂಡಿಕೊಂಡು ಟಿವಿಗೆ ಹೋಗುತ್ತದೆ. ಫೇಸಿನಿಂದ ಎಸ್‌ಪಿಡಿಗೆ, ಅಲ್ಲಿಂದ ಅರ್ಥ್ ಬಾರ್‌ಗೆ, ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು. ಟೈಪ್ 1 ಆದರೆ ಅರ್ಥಿಗೆ 16 ಚದರ ಮಿ.ಮೀ. ತಾಮ್ರ, ಟೈಪ್ 2 ಆದರೆ 6. ಉಳಿದ ವೈರನ್ನು ಸುರುಳಿ ಸುತ್ತಿ ಒಳಗೆ ತುರುಕಬೇಡಿ, ಕತ್ತರಿಸಿ ಹಾಕಿ.

ಬೋರ್‌ವೆಲ್ ಪಂಪು ಪದೇ ಪದೇ ಯಾಕೆ ಸುಡುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ನೂರಾರು ಅಡಿ ಕೆಳಗೆ ನೀರಿನಲ್ಲಿ ಮುಳುಗಿದ ಮೋಟಾರಿಗಿಂತ ಒಳ್ಳೆಯ ಅರ್ಥ್ ಇಡೀ ತೋಟದಲ್ಲಿಲ್ಲ. ಲೈನಿನಲ್ಲಿ ಬಂದ ಸಿಡಿಲಿನ ಏರು ಸುತ್ತುಗಳ ಇನ್ಸುಲೇಷನ್ ಸೀಳಿ ಅಲ್ಲಿಗೇ ಇಳಿಯುತ್ತದೆ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಎಸ್‌ಪಿಡಿ ಹಾಕಿದರಷ್ಟೇ ಸಾಲದು, ಅದರ ಅರ್ಥ್ ಕಬ್ಬಿಣದ ಕೇಸಿಂಗಿಗೂ ಮೋಟಾರಿನ ಮೈಗೂ ಸೇರಬೇಕು. ಪಿವಿಸಿ ಕೇಸಿಂಗ್, ಎಚ್‌ಡಿಪಿಇ ಪೈಪಾದರೆ (ಎರಡೂ ಪ್ಲಾಸ್ಟಿಕ್) ಕೇಬಲ್ಲಿನ ಜೊತೆ ಒಂದು ಅರ್ಥ್ ವೈರನ್ನು ಮೋಟಾರಿನವರೆಗೂ ಇಳಿಸಿ. ಪಂಪು ಮೇಲೆತ್ತಿದಾಗಲೇ ಇದನ್ನು ಮಾಡಿಸಬೇಕು, ಆಮೇಲೆ ಆಗದು.

ಮರದ ಬುಡದಲ್ಲಿ ಕಟ್ಟಿದ ದನಗಳು ಸಾಯುವುದು ಹೆಚ್ಚಾಗಿ ಸಿಡಿಲು ನೇರ ಬಡಿದಲ್ಲ. 500 ಓಮ್-ಮೀಟರ್ ನೆಲದಲ್ಲಿ 30,000 ಆಂಪಿಯರ್ ಮರದಿಂದ ಹರಡಿದರೆ, ಹತ್ತು ಮೀಟರ್ ದೂರದಲ್ಲಿ ನಿಂತ ಹಸುವಿನ ಮುಂಗಾಲು-ಹಿಂಗಾಲುಗಳ ಒಂದೂವರೆ ಮೀಟರ್ ನಡುವೆ ಸುಮಾರು 30,000 ವೋಲ್ಟ್ ಬರುತ್ತದೆ. ಆ ಕರೆಂಟು ಹೊಟ್ಟೆ-ಎದೆಯ ಮೂಲಕವೇ ಹೋಗಬೇಕು. ಮಳೆಮೋಡ ಕಂಡರೆ ಕೊಟ್ಟಿಗೆಗೆ ಹೊಡೆಯಿರಿ. ಕೊಟ್ಟಿಗೆ ನೆಲದ ಕಾಂಕ್ರೀಟಿನ ಕಬ್ಬಿಣದ ಜಾಲರಿ, ಗೋದಲಿಯ ಸರಪಳಿ ಕೊಂಡಿ ಇವನ್ನೂ ಅರ್ಥಿಗೆ ಕಟ್ಟಿ.

ಪರೀಕ್ಷೆ ಮಾಡುವಾಗ ಫೇಸಿಗೂ ಅರ್ಥಿಗೂ 100 ವ್ಯಾಟ್ ಬಲ್ಬು ಹಿಡಿದು "ಚೆನ್ನಾಗಿ ಉರಿಯಿತು, ಅರ್ಥ್ ಬೊಂಬಾಟ್" ಎನ್ನುವ ಪದ್ಧತಿಯನ್ನು ನಂಬಬೇಡಿ. ಆ ಬಲ್ಬೇ 529 ಓಮ್. ಅರ್ಥ್ 100 ಓಮ್ ಇದ್ದರೂ ಬಲ್ಬಿಗೆ 193 ವೋಲ್ಟ್ ಸಿಕ್ಕಿ ಉರಿಯುತ್ತದೆ. ಅರ್ಥ್ ಮೆಗ್ಗರ್ (ಅರ್ಥಿನ ಓಮ್ ಅಳೆಯುವ ಯಂತ್ರ) ತರಿಸಿ. ಗುಂಡಿಯ ಜಾಯಿಂಟನ್ನು ಮನೆಯಿಂದ ಬಿಚ್ಚುವ ಮೊದಲು ಮೇನ್ ಆಫ್ ಇರಬೇಕು. ಮೆಗ್ಗರಿನ ಕರೆಂಟ್ ಮೊಳೆಯನ್ನು ಗುಂಡಿಯಿಂದ 30 ಮೀಟರ್ ದೂರಕ್ಕೆ, ವೋಲ್ಟೇಜ್ ಮೊಳೆಯನ್ನು ಅದೇ ಸಾಲಿನಲ್ಲಿ 18.5 ಮೀಟರಿಗೆ ಹೊಡೆಯಿರಿ. ವೋಲ್ಟೇಜ್ ಮೊಳೆಯನ್ನು ಹಿಂದೆ-ಮುಂದೆ 3 ಮೀಟರ್ ಸರಿಸಿ ನೋಡಿ. ಮೂರೂ ಓದು ಹತ್ತಿರ ಹತ್ತಿರ ಇದ್ದರೆ ಅಳತೆ ಸರಿ, ಇಲ್ಲದಿದ್ದರೆ ಕರೆಂಟ್ ಮೊಳೆಯನ್ನು ಇನ್ನೂ ದೂರ ಒಯ್ಯಿರಿ. ಮಳೆಗಾಲದಲ್ಲಿ ಅಳೆದ ಓಮಿಗೆ ಬೆಲೆಯಿಲ್ಲ. ಮಾರ್ಚ್ ಕೊನೆಯಲ್ಲಿ, ಮೊದಲ ಮಳೆಗೆ ಮುನ್ನ ಅಳೆದು, ಆ ಸಂಖ್ಯೆಯನ್ನು ಮೀಟರ್ ಬೋರ್ಡಿನ ಬಾಗಿಲ ಒಳಗೆ ತಾರೀಖಿನ ಸಮೇತ ಬರೆದಿಡಿ. ಅದೇ ಹೊತ್ತಿಗೆ ಎಸ್‌ಪಿಡಿಯ ಪುಟ್ಟ ಕಿಟಕಿಯನ್ನೂ ನೋಡಿ: ಹಸಿರು ಹೋಗಿ ಕೆಂಪು ಬಂದಿದ್ದರೆ ಅದು ಕಳೆದ ವರ್ಷವೇ ತನ್ನ ಕೆಲಸ ಮುಗಿಸಿದೆ, ಹೊಸ ಕಾರ್ಟ್ರಿಡ್ಜ್ ಹಾಕಬೇಕು.