ಕೊಹಿಮಾ ವಾರ್ ಸೆಮೆಟರಿ: ಅರ್ಧಕ್ಕೇ ಇಳಿದು ಬರಬೇಡಿ

ಎರಡನೇ ಮಹಾಯುದ್ಧದಲ್ಲಿ ಸತ್ತ ಸೈನಿಕರ ಈ ಸ್ಮಶಾನ ನೋಡಲು ಕೊಹಿಮಾಗೆ ಹೋಗುವವರಿಗೆ ಮೊದಲ ಮಾತು: ಭಾನುವಾರ ಹೊರಡಬೇಡಿ. ನಾವು ಹೊರಟು ಪೇಚಾಡಿದೆವು. ನಾಗಾಲ್ಯಾಂಡ್‌ನಲ್ಲಿ ಅವತ್ತು ಜನರೆಲ್ಲ ಚರ್ಚಿಗೆ ಹೋಗುತ್ತಾರೆ, ಅಂಗಡಿಗಳು ಬಂದ್. ದಿಮಾಪುರದಲ್ಲಿ ರೈಲು ಇಳಿದು, ಶೇರ್ ಟ್ಯಾಕ್ಸಿ ತುಂಬಲಿ ಅಂತ ಎರಡು ಗಂಟೆ ಕಾದೆವು. ಒಂದು ಲೋಟ ಟೀ ಕೂಡ ಸಿಗಲಿಲ್ಲ. ಕೊಹಿಮಾ ಅಲ್ಲಿಂದ ಸುಮಾರು 74 ಕಿ.ಮೀ. ಅಷ್ಟೇ, ಆದರೆ ಬೆಟ್ಟದ ದಾರಿ. ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ, ಆಗ ಹೋಗದಿದ್ದರೇ ಒಳ್ಳೆಯದು. ಇನ್ನರ್ ಲೈನ್ ಪರ್ಮಿಟ್, ಅಂದರೆ ಹೊರರಾಜ್ಯದವರು ನಾಗಾಲ್ಯಾಂಡ್‌ಗೆ ಹೋಗಲು ಬೇಕಾದ ಅನುಮತಿ ಪತ್ರ, ನಮಗೂ ಬೇಕು. "ನಮ್ಮ ದೇಶದಲ್ಲೇ ಓಡಾಡೋಕೆ ಪರ್ಮಿಟ್ಟಾ?" ಅಂದರು ಅಮ್ಮ. ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿ, ಪ್ರಿಂಟ್ ಜೊತೆಗಿಟ್ಟುಕೊಳ್ಳಿ.

ಸೆಮೆಟರಿ ಊರಿನ ನಡುವೆಯೇ ಇದೆ, ಗ್ಯಾರಿಸನ್ ಹಿಲ್ ಇಳಿಜಾರಿನಲ್ಲಿ. ಟಿಕೆಟ್ ಇಲ್ಲ. ಬೆಳಿಗ್ಗೆಯೇ ಹೋಗಿ, ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ.

1944ರ ಏಪ್ರಿಲ್‌ನಲ್ಲಿ ಬರ್ಮಾ ಕಡೆಯಿಂದ ಬಂದ ಜಪಾನಿ ಸೇನೆ ಈ ಗುಡ್ಡವನ್ನು ಸುತ್ತುವರಿದಿತ್ತು. ಆಗ ಇಲ್ಲಿ ಡೆಪ್ಯುಟಿ ಕಮಿಷನರ್ ಬಂಗಲೆ ಇತ್ತು, ಅದಕ್ಕೊಂದು ಟೆನಿಸ್ ಕೋರ್ಟ್. ಅದರ ಈ ಬದಿ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು, ಆ ಬದಿ ಜಪಾನಿಯರು ಗುಂಡಿ ತೋಡಿ ಕೂತಿದ್ದರು. ಕೋರ್ಟಿನ ಬಿಳಿ ಗೆರೆಗಳನ್ನು ಇವತ್ತಿಗೂ ಉಳಿಸಿದ್ದಾರೆ. ಉದ್ದಕ್ಕೆ ನಡೆದು ನೋಡಿದೆ, 34 ಹೆಜ್ಜೆ. ಗ್ರೆನೇಡನ್ನು ಕೈಯಲ್ಲೇ ಎಸೆಯುವ ದೂರ.

ಇಲ್ಲಿ 1,420 ಸಮಾಧಿಗಳಿವೆ. ಪ್ರತಿಯೊಂದಕ್ಕೂ ಗಿಡ್ಡ ಕಲ್ಲು, ಅದರ ಮೇಲೆ ಕಂಚಿನ ಫಲಕ. ಬಗ್ಗಿ ಓದಬೇಕು. ಹೆಸರು, ರೆಜಿಮೆಂಟ್, ವಯಸ್ಸು, ಕೆಲವದರಲ್ಲಿ ಮನೆಯವರು ಬರೆಸಿದ ಒಂದು ಸಾಲು. ಇಪ್ಪತ್ತು, ಇಪ್ಪತ್ತೊಂದು ವಯಸ್ಸು ಎಷ್ಟೊಂದು ಕಲ್ಲುಗಳ ಮೇಲೆ ಕಾಣುತ್ತದೆ ಅಂದರೆ, ಸ್ವಲ್ಪ ಹೊತ್ತಿಗೆ ನಾನು ಓದುವುದನ್ನೇ ಬಿಟ್ಟೆ.

ಹೆಚ್ಚಿನವರು ಕೋರ್ಟಿನ ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಮೆಟ್ಟಿಲು ಜಾಸ್ತಿ, ಮಂಡಿನೋವಿದ್ದವರು ನಿಧಾನಕ್ಕೆ ಹತ್ತಿ. ತುತ್ತತುದಿಯಲ್ಲಿ ಇನ್ನೊಂದು ಸ್ಮಾರಕವಿದೆ. ದಹನ ಮಾಡಿದ 917 ಹಿಂದೂ ಮತ್ತು ಸಿಖ್ ಸೈನಿಕರದ್ದು. ಸುಟ್ಟವರಿಗೆ ಸಮಾಧಿ ಎಲ್ಲಿಂದ ಬರಬೇಕು, ಅಲ್ವಾ? ಹಾಗಾಗಿ ಹೆಸರು ಮಾತ್ರ ಕೆತ್ತಿದ್ದಾರೆ. ಕೆಳಗೆ ಸೆಲ್ಫಿಗೆ ಸಾಲು ನಿಂತಿತ್ತು. ಇಲ್ಲಿ ನಾವಿಬ್ಬರೇ. ಅಮ್ಮ ಚಪ್ಪಲಿ ಬಿಟ್ಟು, ಹೆಸರುಗಳ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದತೊಡಗಿದರು.