ಮೊದಲ ಐದು ನಿಮಿಷ: ಪ್ರಾಜೆಕ್ಟ್ ಎಲ್ಲಿಗೆ ಬಂತು

ಹರೆಯಕ್ಕೆ ಕಾಲಿಡುವ ಮಕ್ಕಳ ಸಿನಿಮಾಗಳ ಆರಂಭವನ್ನಷ್ಟೇ ನೋಡಿ, ಶಾಟ್ ಶಾಟಾಗಿ ಬರೆದಿಡುವ ಕೆಲಸ ನಡೀತಾ ಇದೆ. ಮೊದಲು ಸೌಂಡ್ ಆಫ್ ಮಾಡಿ ನೋಡುತ್ತೇನೆ. ಆಮೇಲೆ ಕಣ್ಣು ಮುಚ್ಚಿ ಬರೀ ಸೌಂಡ್ ಕೇಳುತ್ತೇನೆ. ಎಡಿಟಿಂಗ್ ಕಲಿಯೋಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಫ್ರೆಂಚ್ ನಿರ್ದೇಶಕ ಟ್ರುಫೋ ಅವರ 'ದಿ 400 ಬ್ಲೋಸ್' (1959) ಬಿಟ್ಟು ಮುಂದೆ ಹೋಗೋಕೇ ಆಗ್ತಿರಲಿಲ್ಲ. ಟೈಟಲ್ ಬರುವಷ್ಟು ಹೊತ್ತೂ ಕ್ಯಾಮೆರಾ ಪ್ಯಾರಿಸ್ ಬೀದಿಗಳಲ್ಲಿ ಓಡುತ್ತಾ, ತಲೆಯೆತ್ತಿ ಕಟ್ಟಡಗಳನ್ನು ನೋಡುತ್ತದೆ. ಐಫೆಲ್ ಟವರ್ ತುದಿ ಸೂರುಗಳ ಹಿಂದೆ ಇಣುಕುತ್ತದೆ, ಮರೆಯಾಗುತ್ತದೆ, ಮತ್ತೆಲ್ಲೋ ಇಣುಕುತ್ತದೆ. ಅಂತೂ ಹತ್ತಿರ ಹೋದೆವು ಅನ್ನುವಷ್ಟರಲ್ಲಿ ಅದನ್ನೂ ದಾಟಿ ಹೋಗಿಬಿಡುತ್ತದೆ. ಕಥೆಯ ಒಂದು ಪಾತ್ರವೂ ಇನ್ನೂ ಬಂದಿಲ್ಲ. ಆದರೂ ಯಾವುದೋ ಹುಡುಗ ಊರು ಸುತ್ತುತ್ತಿದ್ದಾನೆ, ಅವನಿಗೆ ಏನೂ ಸಿಗ್ತಿಲ್ಲ ಅಂತ ಅನ್ನಿಸಿಬಿಡುತ್ತದೆ.

ಸೌಂಡ್ ತೆಗೆದರೆ ಇದು ಸುಮ್ನೆ ಪ್ರವಾಸಿ ವಿಡಿಯೋ. ಆ ಬೇಸರ ಬರುವುದು ಜ್ಯಾಂ ಕಾನ್‌ಸ್ಟಾಂಟಿನ್ ಅವರ ಸಂಗೀತದಿಂದ. ತಮಾಷೆಗೆ ಒಂದು ತಮಟೆ ಟ್ರ್ಯಾಕ್ ಕೂರಿಸಿ ನೋಡಿದೆ. ಇಡೀ ಪ್ಯಾರಿಸ್ ಕಳ್ಳನನ್ನು ಅಟ್ಟಿಸಿಕೊಂಡು ಹೋದ ಹಾಗಾಯ್ತು!

ಟೈಟಲ್ ಮುಗಿದ ಕೂಡಲೇ ಕ್ಲಾಸ್‌ರೂಮು. ಒಂದು ಹೆಣ್ಣಿನ ಫೋಟೋ ಡೆಸ್ಕಿಂದ ಡೆಸ್ಕಿಗೆ ಕೈ ಬದಲಾಗುತ್ತದೆ. ಸಿಕ್ಕಿಬೀಳುವುದು ಮಾತ್ರ ಕಥೆಯ ಹುಡುಗ ಆಂತ್ವಾನ್. ಅಷ್ಟಗಲದ ಊರಿಂದ ಸೀದಾ ಬೋರ್ಡಿನ ಹಿಂದಿನ ಮೂಲೆಗೆ. ಈ ಕಟ್ ನನಗೆ ಟವರಿಗಿಂತ ಜಾಸ್ತಿ ಇಷ್ಟ.

ಇದಾದ ಮೇಲೆ ನನ್ನ ಶೀಟಿನಲ್ಲಿ 'ದೂರ' ಅಂತ ಹೊಸ ಕಾಲಂ ಸೇರಿಸಿದೆ. ಮಗುವಿಗೂ ಅದಕ್ಕೆ ಬೇಕಾದದ್ದಕ್ಕೂ ನಡುವೆ ಎಷ್ಟು ದೂರ ಅಂತ. ಆರಂಭದ ಮೂಡ್ ಅಂತ ನಾವು ಕರೆಯುವುದು ಬಹುಪಾಲು ಇದನ್ನೇ ಅಂತ ನನ್ನ ಲೆಕ್ಕ.

ನಾಗರಾಜ ಮಂಜುಳೆ ಅವರ ಮರಾಠಿ 'ಫ್ಯಾಂಡ್ರಿ'ಯಲ್ಲಿ (2013) ಈ ಕಾಲಂ ತುಂಬೋದು ಸುಲಭ. ಕಥೆಯ ಹುಡುಗ ಜಬ್ಯಾ ಕೈಯಲ್ಲಿ ಕವಣೆ, ಕಣ್ಣು ಕಪ್ಪು ಗುಬ್ಬಿ ಮೇಲೆ. ಗುಬ್ಬಿ ಕೈಗೆ ಸಿಗಲ್ಲ, ಅಷ್ಟೇ. ಜಾತಿಯ ಮಾತು ಎತ್ತುವ ಮೊದಲೇ ಸಿನಿಮಾ ಅರ್ಧ ಹೇಳಿಯಾಗಿದೆ.

ಗ್ರೆಟಾ ಗೆರ್ವಿಗ್ ಅವರ 'ಲೇಡಿ ಬರ್ಡ್' (2017) ಮಾತ್ರ ತಲೆ ಕೆಡಿಸಿತು. ತಾಯಿ ಮಗಳು ಒಂದೇ ಹಾಸಿಗೆಯಲ್ಲಿ ಎದುರುಬದುರು ಮಲಗಿದ್ದಾರೆ. ದೂರ ಸೊನ್ನೆ. ಆಮೇಲೆ ಕಾರಿನಲ್ಲಿ ಕ್ಯಾಸೆಟ್ ಕಾದಂಬರಿ ಕೇಳಿ ಇಬ್ಬರೂ ಕಣ್ಣೀರು ಒರೆಸಿಕೊಳ್ಳುತ್ತಾರೆ. ಮರುಕ್ಷಣ ಜಗಳ. ಮಗಳು ಓಡುವ ಕಾರಿಂದ ಹಾರುತ್ತಾಳೆ! ನಗಬೇಕೋ ಗಾಬರಿಯಾಗಬೇಕೋ ಗೊತ್ತಾಗಲ್ಲ, ಅಲ್ವಾ? ಇದಕ್ಕೆ ಒಂದೇ ಕಾಲಂ ಸಾಲದು. ಆರಂಭದಲ್ಲಿದ್ದ ದೂರ, ಐದು ನಿಮಿಷದ ಕೊನೆಗೆ ಉಳಿದ ದೂರ ಅಂತ ಎರಡು ಮಾಡಿದ್ದೇನೆ.

ಮುಂದಿನದು ವಿಕ್ರಮಾದಿತ್ಯ ಮೋಟ್ವಾನೆ ಅವರ 'ಉಡಾನ್' (2010). ಶಿಮ್ಲಾದ ಹಾಸ್ಟೆಲಿಂದ ಹುಡುಗರು ರಾತ್ರಿ ಕದ್ದು ಸಿನಿಮಾಗೆ ಹೋಗ್ತಾರೆ. ಹಳೆಯ ಸಾಲುಗಳನ್ನೆಲ್ಲ ಎರಡು ಕಾಲಮ್ಮಿಗೆ ಒಡೆದ ಮೇಲೆ ಅದನ್ನು ಹಿಡಿಯುತ್ತೇನೆ.