ಅಲೆನ್ ಬೋಲ್ಟ್‌ನ ತಲೆ ಕೂರಲು ಸಮತಟ್ಟಾದ ತಳ

ಆಲ್ಟರ್ನೇಟರ್ ಬ್ರಾಕೆಟ್‌ಗೆ 16 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಪ್ಲೇಟ್ ಮಾಡುತ್ತಿದ್ದೀರಿ, ಎಂ8 (8 ಮಿ.ಮೀ. ದಪ್ಪದ) ಅಲೆನ್ ಬೋಲ್ಟ್‌ನ, ಅಂದರೆ ಆರು ಮೂಲೆಯ ಕುಳಿ ಇರುವ ಬೋಲ್ಟ್‌ನ, ತಲೆ ಪ್ಲೇಟಿನೊಳಗೆ ಮುಳುಗಬೇಕು ಅಂದುಕೊಳ್ಳಿ. ಸಾಮಾನ್ಯ ಡ್ರಿಲ್ ಬಿಟ್‌ನ ಮೂತಿ 118 ಡಿಗ್ರಿ. ಅದು ಬಿಟ್ಟುಹೋಗುವ ತಳ ಲಾಳಿಕೆಯಂತೆ ಇಳಿಜಾರು. ಅದರ ಮೇಲೆ ಕೂತ ತಲೆ ಅಂಚಿನಲ್ಲಷ್ಟೇ ತಾಗುತ್ತದೆ. ಎಷ್ಟೇ ಬಿಗಿ ಮಾಡಿ, ಎಂಜಿನ್ ನಡುಕಕ್ಕೆ ಆ ಅಂಚು ತಗ್ಗಿ ಬೋಲ್ಟ್ ಸಡಿಲವಾಗುತ್ತದೆ.

ತೂತಿನ ಬಾಯಿಯನ್ನು ಸಮತಟ್ಟಾದ ತಳದೊಂದಿಗೆ ಅಗಲಿಸುವ ಕೌಂಟರ್‌ಬೋರ್ ಕಟರ್ ಇದ್ದರೆ ಸರಿ. ಇಲ್ಲದಿದ್ದರೆ ಎರಡು 14 ಮಿ.ಮೀ. ಎಚ್.ಎಸ್.ಎಸ್. (ಹೈ ಸ್ಪೀಡ್ ಸ್ಟೀಲ್) ಬಿಟ್ ಸಾಕು: ಒಂದು ಮಾಮೂಲಿ, ಇನ್ನೊಂದು ಮೂತಿ ತೇಯ್ದು ಚಪ್ಪಟೆ ಮಾಡಿದ್ದು. ಮನೆಯ ಡ್ರಿಲ್‌ನ ಚಕ್ (ಬಿಟ್ ಹಿಡಿಯುವ ಬಾಯಿ) 13 ಮಿ.ಮೀ. ಇದ್ದರೆ, ಹಿಡಿಯುವ ಭಾಗ ಸಣ್ಣದಿರುವ ಬಿಟ್ಟನ್ನೇ ಕೊಳ್ಳಿ.

ತೇಯುವುದೇ ಇಲ್ಲಿ ನಾಜೂಕಿನ ಕೆಲಸ. ಬೆಂಚ್ ಗ್ರೈಂಡರ್‌ಗೆ ಬಿಟ್ಟನ್ನು ನೇರ ಹಿಡಿದು ಮೊದಲು ಮೂತಿ ಪೂರ್ತಿ ತೆಗೆಯಿರಿ. ಆಮೇಲೆ ಕತ್ತರಿಸುವ ಅಂಚಿನ ಹಿಂಭಾಗವನ್ನು 5–6 ಡಿಗ್ರಿಯಷ್ಟು ಮಾತ್ರ ಇಳಿಸಿ. ಹೆಚ್ಚು ಇಳಿಸಿದರೆ ಅಂಚು ಲೋಹವನ್ನು ಕಚ್ಚಿಕೊಂಡು ಗಡಗಡ ನಡುಗುತ್ತದೆ, ತಳದಲ್ಲಿ ಅಲೆ ಅಲೆಯಾಗಿ ಗೆರೆ ಬೀಳುತ್ತದೆ. ಟ್ರೈ ಸ್ಕ್ವೇರ್ (ಲಂಬಕೋನ ನೋಡುವ ಮೂಲೆಮಟ್ಟ) ಇಟ್ಟು ನೋಡಿ: ಎರಡೂ ಅಂಚು ಒಂದೇ ಎತ್ತರದಲ್ಲಿರಬೇಕು. ಒಂದು ಮುಂದಿದ್ದರೆ ಅದೊಂದೇ ಕತ್ತರಿಸುತ್ತದೆ, ತೂತು ದೊಡ್ಡದಾಗುತ್ತದೆ. ನಡುಭಾಗದ ಚಿಂತೆ ಬೇಡ, ಅದು ಬೋಲ್ಟ್ ತೂತಿನ ಖಾಲಿ ಜಾಗದಲ್ಲಿ ತಿರುಗುತ್ತದೆ.

ಚಪ್ಪಟೆ ಬಿಟ್‌ಗೆ ಮೂತಿ ಇಲ್ಲದ ಕಾರಣ ತಾನಾಗಿ ದಾರಿ ಹಿಡಿಯಲಾರದು. ಹಾಗಾಗಿ ಅದರ ಸರದಿ ಕೊನೆಗೆ. ಪ್ಲೇಟನ್ನು ಬೆಂಚ್ ಡ್ರಿಲ್‌ಗೆ ಕ್ಲ್ಯಾಂಪ್ ಮಾಡಿ, ಕೆಲಸ ಮುಗಿಯುವವರೆಗೂ ಅಲುಗಿಸಬೇಡಿ. ಪಂಚ್ ಹೊಡೆದ ಗುರುತಿನ ಮೇಲೆ 4 ಮಿ.ಮೀ. ತೂತು ಆರ್‌ಪಾರ್ ಕೊರೆಯಿರಿ. ನಂತರ ಮಾಮೂಲಿ 14ರ ಬಿಟ್, 500 ಆರ್‌ಪಿಎಂ ಆಸುಪಾಸಿನಲ್ಲಿ. ಪ್ಲೇಟಿನ ಮೇಲೆ ಪೂರ್ತಿ ವೃತ್ತ ಮೂಡಿದ ಕ್ಷಣ ನಿಲ್ಲಿಸಿ ಡೆಪ್ತ್ ಸ್ಟಾಪ್ (ಬಿಟ್ ಇಳಿಯುವ ಆಳಕ್ಕೆ ಮಿತಿ ಹಾಕುವ ತಡೆ) ನೋಡಿಕೊಳ್ಳಿ, ಅಲ್ಲಿಂದ 7 ಮಿ.ಮೀ. ಇಳಿಸಿ. ಆ ಇಳಿಜಾರೇ 9 ಮಿ.ಮೀ. ಬಿಟ್ಟನ್ನು ನಡುವಿಗೆ ಒಯ್ಯುತ್ತದೆ. ಅದನ್ನು ಆರ್‌ಪಾರ್ ಬಿಡಿ.

ಈಗ ಉಳಿಯುವುದು 9ರಿಂದ 14ರವರೆಗಿನ ಇಳಿಜಾರಿನ ಬಳೆ, ಆಳ 1.5 ಮಿ.ಮೀ. ಅಷ್ಟನ್ನೇ ಚಪ್ಪಟೆ ಬಿಟ್ ತೆಗೆಯಬೇಕು. ವೇಗ 250–300, ಎಣ್ಣೆ ಧಾರಾಳ, ಕೈ ಒತ್ತಡ ಒಂದೇ ಸಮ. ನಿಲ್ಲಿಸಿ ನಿಲ್ಲಿಸಿ ಒತ್ತಿದರೆ ಮತ್ತೆ ನಡುಕ. ಒಟ್ಟು ಆಳ 8.5 ಬಂದರೆ, 8 ಮಿ.ಮೀ. ಎತ್ತರದ ತಲೆ ಅರ್ಧ ಮಿಲಿ ಕೆಳಗೆ ಕೂರುತ್ತದೆ. ಕೈ ಡ್ರಿಲ್‌ನಲ್ಲಿ ಇದನ್ನು ಮಾಡಲೇಬೇಡಿ, ಬಿಟ್ ಕಚ್ಚಿದರೆ ಮಣಿಕಟ್ಟು ತಿರುಚುತ್ತದೆ.

ತಲೆಯ ಕೆಳಗೆ ಬೋಲ್ಟ್‌ನ ಕುತ್ತಿಗೆ ಸಣ್ಣಗೆ ದುಂಡಾಗಿರುತ್ತದೆ. 9ರ ತೂತಿನ ಚೂಪು ಅಂಚಿಗೆ ಅದೇ ಮೊದಲು ತಾಗಬಹುದು. ಆ ಅಂಚಿನ ಚೂಪನ್ನು ಅರ್ಧ ಮಿಲಿ ಓರೆಯಾಗಿ ತೆಗೆಯಿರಿ. ತಲೆಯ ಅಡಿಗೆ ಮಾರ್ಕರ್ ಬಳಿದು, ಬೋಲ್ಟ್ ಇಳಿಸಿ ಒತ್ತಿ ತಿರುಗಿಸಿ. ಮಸಿ ಸುತ್ತಲೂ ಒಂದೇ ಸಮ ಅಳಿಸಿದ್ದರೆ ಕೂತಿದೆ. ಒಂದೇ ಬದಿ ಅಳಿಸಿದ್ದರೆ ಮೊದಲು ತಳದ ಚೂರುಗಳನ್ನು ಬ್ರಷ್‌ನಿಂದ ತೆಗೆದು ಮತ್ತೆ ನೋಡಿ, ಆಮೇಲಷ್ಟೇ ಬಿಟ್ ಇಳಿಸಿ.